ಮತ್ತೆ ಮತ್ತೆ ಬೀಳುವ ಸ್ವಿಚ್: ಬೈಯುವ ಮೊದಲು ಸೋರಿಕೆ ಹುಡುಕಿ

ಮಳೆಗಾಲ ಹಿಡಿಯುತ್ತಿದ್ದಂತೆ ಮಲಾಡ್ ಪರಿಸರದ ಸದಸ್ಯ ಬಾಂಧವರಿಂದ ನಾವು ಕೇಳುವ ದೂರು ಒಂದೇ: “ನಸುಕಿಗೆ ಗ್ರೈಂಡರ್ ಹಾಕಿದ ಕೂಡಲೇ ಮೇನ್ ಬೀಳುತ್ತದೆ.” ನಮ್ಮಲ್ಲಿ ಹಲವರ ಕೆಲಸ ಮನೆಯ ಅಡುಗೆಕೋಣೆಯಲ್ಲೇ ನಡೆಯುತ್ತದೆ. ಬೆಳಿಗ್ಗೆ ಏಳಕ್ಕೆ ಇಡ್ಲಿ ತಲುಪಿಸಬೇಕಾದಾಗ ಕರೆಂಟ್ ಹೋದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಸ್ವಿಚ್ಚನ್ನೇ ತಪ್ಪಿಸಿ ನೇರ ವಯರ್ ಜೋಡಿಸುವವರೂ ಇದ್ದಾರೆ. ಅದು ಪ್ರಾಣಕ್ಕೆ ಎರವಾದೀತು.

ಬಿದ್ದದ್ದು ಯಾವುದು?

ಲೋಡ್ ಹೆಚ್ಚಾದಾಗ ಅಥವಾ ಶಾರ್ಟ್ ಆದಾಗ ಬೀಳುವುದು ಎಂಸಿಬಿ. ‘ಟಿ’ ಅಥವಾ ‘ಟೆಸ್ಟ್’ ಎಂಬ ಸಣ್ಣ ಗುಂಡಿ ಇರುವುದು ಆರ್‌ಸಿಸಿಬಿ. ಅನೇಕರು ಇದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ಮರಳಬೇಕು. ಕಡಿಮೆ ಬಂದರೆ, ಉಳಿದದ್ದು ಅರ್ಥಿಂಗ್ ವಯರಿನ ಮೂಲಕವೋ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ಹುಡುಗನ ಮೈಯ ಮೂಲಕವೋ ನೆಲಕ್ಕೆ ಇಳಿಯುತ್ತಿದೆ ಎಂದರ್ಥ. ಆಗ ಈ ಸ್ವಿಚ್ ಬೀಳುತ್ತದೆ.

ಮನೆಗಳಿಗೆ ಹಾಕುವುದು 30 ಮಿಲಿಆಂಪಿಯರಿನದು. 15 ದಾಟಿದರೂ ಅದು ಬೀಳಬಹುದು. ಹಾಗಾಗಿ ನಾಲ್ಕೈದು ಯಂತ್ರಗಳ ಸಣ್ಣಪುಟ್ಟ ಸೋರಿಕೆ ಕೂಡಿಯೂ ಬೀಳಿಸೀತು.

ಹುಡುಕುವ ಕ್ರಮ

1. ಕೈ ಒರೆಸಿಕೊಂಡು, ಒಣ ನೆಲದಲ್ಲಿ ನಿಂತು ಎಲ್ಲ ಎಂಸಿಬಿ ಆಫ್ ಮಾಡಿ. ಯಂತ್ರಗಳ ಪ್ಲಗ್ಗುಗಳನ್ನೂ ಕಿತ್ತಿಡಿ. ಬರೇ ಬಟನ್ ಆಫ್ ಮಾಡಿದರೆ ಸಾಲದು. ಅದು ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಜೋಡಿಕೊಂಡೇ ಇರುತ್ತದೆ.

2. ಆರ್‌ಸಿಸಿಬಿ ಎತ್ತಿ. ಆಗಲೂ ನಿಲ್ಲದಿದ್ದರೆ ದೋಷ ವಯರಿಂಗಿನಲ್ಲಿ ಇಲ್ಲವೇ ಸ್ವಿಚ್ಚಿನಲ್ಲೇ ಇದೆ. ಲೈಸೆನ್ಸ್ ಇರುವ ವಯರ್‌ಮನ್‌ನನ್ನು ಕರೆಯಿರಿ.

3. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನಲ್ಲಿ ತೊಂದರೆ.

4. ಎಲ್ಲವೂ ನಿಂತರೆ ಯಂತ್ರಗಳನ್ನು ಒಂದೊಂದಾಗಿ ಹಾಕಿ ನೋಡಿ. ಬೀಳಿಸಿದ್ದನ್ನು ಬದಿಗಿಟ್ಟು ರಿಪೇರಿಗೆ ಕಳಿಸಿ.

5. ಆಗಾಗ ಮಾತ್ರ ಬೀಳುವುದಾದರೆ ಹೊತ್ತನ್ನು ಬರೆದಿಡಿ. ಆಗ ಯಾವ ಯಂತ್ರ ಓಡುತ್ತಿತ್ತು ಎಂಬುದೇ ವಯರ್‌ಮನ್‌ಗೆ ದೊಡ್ಡ ಸುಳಿವು.

ನಮ್ಮ ಕಸುಬಿನಲ್ಲಿ ಮೊದಲು ನೋಡಬೇಕಾದವು: ತೊಳೆಯುವಾಗ ಮೋಟರಿಗೆ ನೀರು ಇಳಿದ ಗ್ರೈಂಡರ್, ಕಾಯಿಲ್ ಸವೆದ ಗೀಸರ್, ಡಿಫ್ರಾಸ್ಟ್ ಹೀಟರ್ ಕೆಟ್ಟ ಫ್ರಿಜ್, ಸಿಂಕಿನ ಪಕ್ಕದ ಸಾಕೆಟ್, ನೆಲದ ಮೇಲೆ ಬಿದ್ದಿರುವ ಎಕ್ಸ್‌ಟೆನ್ಶನ್ ಬೋರ್ಡ್, ಇಲಿ ಕಡಿದ ವಯರ್.

ಇವನ್ನು ಮಾಡಲೇಬೇಡಿ

ಸ್ವಿಚ್ಚನ್ನು ಬೈಪಾಸ್ ಮಾಡಬೇಡಿ. ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿಯಬೇಡಿ. ಸ್ವಿಚ್ ನಿಂತೀತು, ಆದರೆ ಗ್ರೈಂಡರಿನ ಮೈಗೆ ಕರೆಂಟ್ ಬಂದು ಮುಟ್ಟುವವನಿಗಾಗಿ ಕಾದಿರುತ್ತದೆ. 30ರ ಜಾಗದಲ್ಲಿ 300ರದ್ದನ್ನು ಹಾಕಿಸಬೇಡಿ. ಅದು ಬೆಂಕಿ ತಡೆಯಲು ಇರುವುದು, ಮನುಷ್ಯನನ್ನು ಉಳಿಸಲು ಅಲ್ಲ.

ಶಾಶ್ವತ ಪರಿಹಾರ

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ರಾತ್ರಿ ಗೀಸರ್ ಬೀಳಿಸಿದಾಗ ಫ್ರಿಜ್ಜೂ ನಿಲ್ಲುತ್ತದೆ. ಬೆಳಿಗ್ಗೆ ನೋಡಿದರೆ ಹಿಟ್ಟು ಹುಳಿ ಬಂದು, ಪನೀರು ಕೆಟ್ಟಿರುತ್ತದೆ. ಫ್ರಿಜ್ಜಿಗೆ, ಗ್ರೈಂಡರಿಗೆ, ಗೀಸರಿಗೆ ಪ್ರತ್ಯೇಕ ಆರ್‌ಸಿಬಿಒ ಹಾಕಿಸಿದರೆ ಕೆಟ್ಟದ್ದು ಮಾತ್ರ ನಿಲ್ಲುತ್ತದೆ. ಎಂಸಿಬಿ ಮತ್ತು ಆರ್‌ಸಿಸಿಬಿ ಎರಡರ ಕೆಲಸವನ್ನೂ ಅದೊಂದೇ ಮಾಡುತ್ತದೆ. ವಯರಿಂಗ್ ಹಳೆಯದಾಗಿದ್ದರೆ ಮೆಗ್ಗರ್ ಹಾಕಿ ಪರೀಕ್ಷಿಸಲು ಹೇಳಿ. ಕರೆಂಟ್ ಅದಾನಿಯದಾಗಲಿ, ಟಾಟಾದ್ದಾಗಲಿ, ಮೀಟರಿನಿಂದ ಒಳಗಿನ ವಯರಿಂಗ್ ನಮ್ಮದೇ ಹೊಣೆ.

ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ. ಒತ್ತಿದಾಗ ಬೀಳದ ಸ್ವಿಚ್ಚನ್ನು ಅಂದೇ ಬದಲಿಸಿ. ಆದರೆ ಆ ಗುಂಡಿ ಅರ್ಥಿಂಗನ್ನು ಪರೀಕ್ಷಿಸುವುದಿಲ್ಲ. ಮಳೆಗಾಲಕ್ಕೆ ಮುಂಚೆ ಅದನ್ನು ವಯರ್‌ಮನ್‌ನಿಂದಲೇ ನೋಡಿಸಿ. ಒಂದು ಆರ್ಡರ್ ತಡವಾದರೆ ಗಿರಾಕಿಯ ಕ್ಷಮೆ ಕೇಳಬಹುದು. ನಮ್ಮನ್ನು ನಂಬಿ ಊರಿನಿಂದ ಮಗನನ್ನು ಕಳಿಸಿದ ತಾಯಿಗೆ ಏನೆಂದು ಉತ್ತರ ಕೊಡೋಣ?