ಅಂಕಲಗಿಯಲ್ಲಿ ಕಳೆದ ಕಿರುದಿನ

ಡಿಸೆಂಬರ್ 21 ಬಂದಾಗಲೆಲ್ಲ ಅಂಕಲಗಿಯ ಬಾಡಿಗೆ ಮನೆಯೊಂದರ ಅಂಗಳ ನನ್ನ ನೆನಪಿಗೆ ಬರುತ್ತದೆ. ಅಧ್ಯಾಪನ ವೃತ್ತಿಯ ನಿಮಿತ್ತ 1996ರಲ್ಲಿ ಗೋಕಾಕ ತಾಲ್ಲೂಕಿನ ಆ ಊರಿಗೆ ಹೋಗಿದ್ದ ನನಗೆ ಅದು ಮನೆಯಿಂದ ದೂರವಿದ್ದ ಮೊದಲ ಕ್ರಿಸ್ಮಸ್. ತಂದೆಯವರು ತೀರಿಕೊಂಡು ವರ್ಷ ತುಂಬಿರಲಿಲ್ಲ. ಕರಾವಳಿಯ ಮನೆಯಲ್ಲಿ ತಾಯಿಯವರು ಒಬ್ಬರೇ. ನನಗೆ ರಜೆ ದೊರೆಯಲಿಲ್ಲ. ಅವರು ಕಳುಹಿಸಿದ್ದ ಕುಸ್ವಾರಿನ ಡಬ್ಬಿಯನ್ನು ಬಿಚ್ಚಲೂ ಮನಸ್ಸಾಗದೆ ಕಪಾಟಿನಲ್ಲಿರಿಸಿದ್ದೆ.

ಅಂದು ಶನಿವಾರ, ಬೆಳಗಿನ ಶಾಲೆ. ವಿಜ್ಞಾನ ಬೋಧಿಸುತ್ತಿದ್ದ ಮಿತ್ರರೊಬ್ಬರು ಶಾಲೆಯ ಮೀಟರ್ ಕೋಲಿನೊಡನೆ ನನ್ನ ಅಂಗಳಕ್ಕೆ ಬಂದರು. "ಇವತ್ತ ವರ್ಷದಾಗ ಎಲ್ಲಾಕ್ಕಿಂತ ಸಣ್ಣ ದಿನ ಸರ. ಸೂರ್ಯ ಇವತ್ತ ತಿರುಗತಾನ, ನೋಡೂಣು ಬರ್ರಿ" ಎಂದರು. ಹನ್ನೆರಡೂವರೆಯ ಸುಮಾರಿಗೆ ಕೋಲಿನ ನೆರಳು 80 ಸೆಂಟಿಮೀಟರಿಗೂ ಮಿಕ್ಕಿತ್ತು. ಮೇ ತಿಂಗಳ ಮೊದಲ ವಾರದಲ್ಲಿ ನಡುಹಗಲಿಗೆ ಇದೇ ಕೋಲಿಗೆ ನೆರಳೇ ಇರುವುದಿಲ್ಲವಂತೆ. ಮಕ್ಕಳಂತೆ ಸುಣ್ಣದ ಗೆರೆ ಎಳೆದು ಗುರುತು ಹಾಕಿದೆವು.

ಸಂಜೆ ಇನ್ನಿಬ್ಬರು ಸಹೋದ್ಯೋಗಿಗಳು ಗೋಕಾಕದ ಕರದಂಟು ಹಿಡಿದು ಬಂದರು. ಮನೆಯ ಒಡತಿಯಾದ ವೃದ್ಧ ತಾಯಿ ಬಿಸಿ ರೊಟ್ಟಿ, ಎಣ್ಣೆಗಾಯಿ ತಂದಿಟ್ಟರು. ಮಾಗಿಯ ಚಳಿ, ಮೇಲೆ ಬೆಳದಿಂಗಳು. "ನಿಮ್ಮೊಳಗ ಈ ದಿನಕ್ಕ ಏನರ ಐತೇನ್ರಿ?" ಎಂದು ಮಿತ್ರರು ಕೇಳಿದಾಗ ನಾನು ಕ್ಷಣಕಾಲ ಮೌನಿಯಾದೆ. ಇತ್ತು. 1969ರಲ್ಲಿ ಧರ್ಮಸಭೆಯು ಪಂಚಾಂಗವನ್ನು ಪರಿಷ್ಕರಿಸಿ ಜುಲೈ 3ಕ್ಕೆ ವರ್ಗಾಯಿಸುವವರೆಗೆ ಪ್ರೇಷಿತ ಸಂತ ತೋಮಾಸರ ಹಬ್ಬ ಡಿಸೆಂಬರ್ 21ರಂದೇ ಬರುತ್ತಿತ್ತು. ನನ್ನ ತಂದೆಯವರು ಆ ಸಂತರ ಹೆಸರನ್ನು ಹೊತ್ತವರು. ಜುಲೈಗೆ ಅವರು ಒಗ್ಗಿಕೊಳ್ಳಲೇ ಇಲ್ಲ. ಹಳೆಯ ದಿನವೇ ಅವರ ಹಬ್ಬ. ಇದನ್ನು ಹೇಳುತ್ತಿದ್ದಂತೆ ನನ್ನ ಕಂಠ ಬಿಗಿಯಿತು. ಯಾರೂ ಸಮಾಧಾನದ ಮಾತಾಡಲಿಲ್ಲ. ನಾನಾಗಿಯೇ ಎದ್ದು ಡಬ್ಬಿಯನ್ನು ತಂದು ಬಿಚ್ಚಿದೆ.

ನೆವ್ರಿ, ಕಿಡ್ಯೊಗಳನ್ನು ಆ ವೃದ್ಧೆ ಕುತೂಹಲದಿಂದ ತಿರುಗಿಸಿ ನೋಡಿದರು. ಎಳ್ಳಿನ ಲಾಡು ಕೈಗೆ ಬಂದೊಡನೆ ಮುಖವರಳಿತು. "ಇದು ನಮ್ಮ ಸಂಕ್ರಮಣದ ಎಳ್ಳುಂಡಿ ಐತೆಲ್ಲೋ ಯಪ್ಪಾ! ನಿಮ್ಮವ್ವ ಯಾಕ ಮೊದಲ ಕಳಸ್ಯಾಳ?"

ಎಲ್ಲರೂ ನಕ್ಕೆವು; ಆದರೆ ಪ್ರಶ್ನೆ ಸಣ್ಣದಲ್ಲ. ಸುಮಾರು 1700 ವರ್ಷಗಳ ಹಿಂದೆ ಮಕರ ಸಂಕ್ರಮಣವೂ ಸೂರ್ಯನು ಉತ್ತರಕ್ಕೆ ತಿರುಗುವ ದಿನವೂ ಕೂಡಿಯೇ ಬರುತ್ತಿದ್ದವು. ಭೂಮಿಯ ಅಕ್ಷದ ನಿಧಾನ ಚಲನೆಯಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ಜಾರಿ ಸಂಕ್ರಮಣವು ಜನವರಿ 14ಕ್ಕೆ ಬಂದಿದೆ. ರೋಮನರಾದರೋ ಆ ತಿರುವನ್ನು ಡಿಸೆಂಬರ್ 25ರಂದು ಎಣಿಸುತ್ತಿದ್ದರು. 336ರ ವೇಳೆಗೆ ಅಲ್ಲಿ ಕ್ರಿಸ್ತಜಯಂತಿಯು ಅದೇ ದಿನ ಆಚರಣೆಯಲ್ಲಿತ್ತು. ಒಂದೇ ಬೆಳಕಿನ ಲೆಕ್ಕ ಎರಡು ಪಂಚಾಂಗಗಳಲ್ಲಿ ಎರಡು ದಾರಿ ಹಿಡಿಯಿತು. ವಿಜ್ಞಾನದ ಮಿತ್ರರು ಇದನ್ನು ವಿವರಿಸಿದರೆ ಅಜ್ಜಿಗೆ ಒಪ್ಪಿಗೆಯಾಗಲಿಲ್ಲ. ತಮ್ಮ ಸಂಕ್ರಮಣ ಜಾರಿದೆಯೆಂದರೆ ಯಾರು ತಾನೇ ಒಪ್ಪಿಯಾರು?

ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೆ ನಾನು ಬೆಳಗಾವಿಗೆ ಹೋಗಿಬಂದೆ. ಸಂಕ್ರಮಣದಂದು ಘಟಪ್ರಭೆಯ ದಡಕ್ಕೆ ಬುತ್ತಿಯೂಟಕ್ಕೆ ಬರಲೇಬೇಕೆಂದು ಅಜ್ಜಿ ಕರೆದಾಗ ಮಾತ್ರ ಅಳುಕಿದೆ. ಅವರ ಪೂಜೆಯಲ್ಲಿ ನಾನೆಲ್ಲಿ ನಿಲ್ಲಲಿ? ತಾಯಿಯವರಿಗೆ ಪತ್ರ ಬರೆದೆ. ಉತ್ತರ ಎರಡೇ ಸಾಲು: ಪೂಜೆಯ ಹೊತ್ತಿಗೆ ದೂರ ನಿಂತು ಅಪ್ಪನಿಗಾಗಿ ಪ್ರಾರ್ಥಿಸು, ಊಟದ ಹೊತ್ತಿಗೆ ದೂರ ನಿಲ್ಲಬೇಡ.

ಹಾಗೆಯೇ ಮಾಡಿದೆ. ಅಜ್ಜಿ ನನ್ನ ಅಂಗೈಗೆ ಎಳ್ಳುಬೆಲ್ಲ ಸುರಿದು, ತಮ್ಮ ಸೆರಗಿನ ಗಂಟು ಬಿಚ್ಚಿ ಇನ್ನೊಂದು ಪೊಟ್ಟಣ ಕೊಟ್ಟರು. "ಇದು ನಿಮ್ಮವ್ವಗ. ಟಪಾಲಿಗೆ ಹಾಕು, ಮರೀಬ್ಯಾಡ" ಎಂದರು.