ಕ್ಯಾಟ್ ಅನ್ನೋ ಸಣ್ಣ ಪಾತ್ರ, ನನ್ನ ಮುಂದಿಟ್ಟ ದೊಡ್ಡ ಪ್ರಶ್ನೆ

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಪಿಜಿ ಖಾಲಿ ಮಾಡಿ ಊರಿಗೆ ಬಂದಿದ್ದೆ. ನಮ್ಮೂರು ಕೆರೂರ. ವಿಜಯಪುರದಿಂದ ಹುಬ್ಬಳ್ಳಿಗೆ ಹೋಗೋ ಬಸ್ಸಿನಲ್ಲಿ ನೀವು ಎಂದಾದರೂ ಕೂತಿದ್ದರೆ ನಮ್ಮೂರನ್ನು ದಾಟಿರುತ್ತೀರಿ. ಹಗಲೆಲ್ಲ ಪಡಸಾಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸ್ ಕೆಲಸ, ರಾತ್ರಿ ಊಟ ಆದಮೇಲೆ ಒಂದೊಂದೇ ಎಪಿಸೋಡ್ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’. ಆ ಸೀರೀಸ್‌ನಲ್ಲಿ ನನ್ನ ಮನಸ್ಸಿನಲ್ಲಿ ಕೂತವಳು ನಾಯಕಿಯಲ್ಲ, ಸೇನಾಧಿಪತಿಯೂ ಅಲ್ಲ. ಕ್ಯಾಟ್ ಅನ್ನೋ ಒಬ್ಬ ಪೈಲಟ್. ಸಣ್ಣ ಪಾತ್ರ, ಮೂರನೇ ಸೀಸನ್‌ನ ನಡುವೆಯೇ ಸತ್ತು ಹೋಗುತ್ತಾಳೆ.

ಆದರೆ ಎರಡು ವರ್ಷದ ನಂತರ ನನ್ನ ಆಫೀಸಿನಲ್ಲಿ ನಡೆದ ಒಂದು ಘಟನೆಯಿಂದ ಅವಳು ಮತ್ತೆ ನೆನಪಾದಳು. ಇವತ್ತಿಗೂ ಬಿಟ್ಟು ಹೋಗಿಲ್ಲ.

ಯಾರು ಈ ಕ್ಯಾಟ್?

ಸೀರೀಸ್ ನೋಡದವರಿಗೆ ಎರಡು ಮಾತು. 1978ರಲ್ಲಿ ಬಂದ ಹಳೆಯ ಸೀರೀಸ್ ಒಂದನ್ನು ರೊನಾಲ್ಡ್ ಡಿ. ಮೂರ್ ಹೊಸದಾಗಿ ಕಟ್ಟಿದರು. 2003ರಲ್ಲಿ ಮಿನಿ ಸೀರೀಸ್ ಆಗಿ ಶುರುವಾಗಿ 2009ರಲ್ಲಿ ಮುಗಿಯಿತು. ಮನುಷ್ಯರೇ ಮಾಡಿದ ಸೈಲಾನ್ ಅನ್ನೋ ಯಂತ್ರಗಳು ತಿರುಗಿಬಿದ್ದು ಮನುಷ್ಯರ ಹನ್ನೆರಡು ಗ್ರಹಗಳನ್ನು ನಾಶ ಮಾಡುತ್ತವೆ. ಉಳಿಯೋದು ಸುಮಾರು ಐವತ್ತು ಸಾವಿರ ಜನ. ಒಂದಿಷ್ಟು ನಾಗರಿಕ ಹಡಗುಗಳು, ಅವುಗಳ ಕಾವಲಿಗೆ ಗ್ಯಾಲಾಕ್ಟಿಕಾ ಅನ್ನೋ ಹಳೇ ಯುದ್ಧನೌಕೆ. ಅದರಿಂದ ಹಾರೋ ಒಂದೇ ಸೀಟಿನ ಫೈಟರ್‌ಗಳ ಹೆಸರು ವೈಪರ್.

ಪೈಲಟ್‌ಗಳು ಒಬ್ಬೊಬ್ಬರಾಗಿ ಸಾಯುತ್ತಾ ಹೋದಂತೆ ನಾಗರಿಕರಲ್ಲೇ ಹೊಸಬರನ್ನು ಆರಿಸಿ ತರಬೇತಿ ಕೊಡುತ್ತಾರೆ. ಹಾಗೆ ಬಂದವಳು ಲುವಾನ್ ಕಟ್ರೇನ್. ರೇಡಿಯೋದಲ್ಲಿ ಕರೆಯೋ ಹೆಸರು ಕ್ಯಾಟ್. ಆ ಪಾತ್ರ ಮಾಡಿದವರು ಲುಚಿಯಾನಾ ಕ್ಯಾರೊ. ತರಬೇತಿ ಕೊಡೋಳು ಸ್ಟಾರ್‌ಬಕ್, ಹಡಗಿನಲ್ಲೇ ಅತಿ ಚುರುಕಿನ ಪೈಲಟ್. ಇಬ್ಬರಿಗೂ ಮೊದಲ ದಿನದಿಂದಲೇ ಹಾವು ಮುಂಗುಸಿ.

ನಾವು ಐಟಿಯವರಿಗೆ ಕ್ಯಾಟ್ ಬೇಗ ಅರ್ಥ ಆಗುತ್ತಾಳೆ. ಎರಡನೇ ಸೀಸನ್‌ನಲ್ಲಿ ನಿದ್ದೆ ಇಲ್ಲದ ಪಾಳಿಗಳ ಮೇಲೆ ಪಾಳಿ ಮಾಡಿ, ಎಚ್ಚರ ಇರೋಕೆ ಗುಳಿಗೆ ನುಂಗಿ ನುಂಗಿ ಅದಕ್ಕೇ ಅಂಟಿಕೊಂಡು ಬೀಳುತ್ತಾಳೆ. ಆಮೇಲೆ ಎದ್ದು ನಿಲ್ಲುತ್ತಾಳೆ. ‘ಸ್ಕಾರ್’ ಅನ್ನೋ ಎಪಿಸೋಡ್‌ನಲ್ಲಿ ಎಷ್ಟೋ ಪೈಲಟ್‌ಗಳನ್ನು ಕೊಂದ ಶತ್ರು ವಿಮಾನವನ್ನು ಹೊಡೆದುರುಳಿಸೋಳು ಸ್ಟಾರ್‌ಬಕ್ ಅಲ್ಲ, ಇವಳು. ಆ ರಾತ್ರಿ ಸ್ಟಾರ್‌ಬಕ್ ಲೋಟ ಎತ್ತಿ ಸತ್ತ ಪೈಲಟ್‌ಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾಳೆ. ಅದರಲ್ಲಿ ಎಷ್ಟೋ ಹೆಸರುಗಳ ಮುಖ ನೋಡುಗರಿಗೆ ನೆನಪೇ ಇರೋದಿಲ್ಲ.

ಬ್ಯಾಡ್ಜ್ ಕಪ್ಪಾಯಿತು

2006ರ ಡಿಸೆಂಬರ್‌ನಲ್ಲಿ ಪ್ರಸಾರವಾದ ‘ದಿ ಪ್ಯಾಸೇಜ್’ ಕ್ಯಾಟ್‌ಳ ಕೊನೆಯ ಎಪಿಸೋಡ್. ಹಡಗುಗಳಲ್ಲಿ ಇದ್ದ ಆಹಾರ ಕೆಟ್ಟು ಹೋಗಿದೆ. ತಿನ್ನಬಹುದಾದ ಪಾಚಿ ಇರೋ ಗ್ರಹ ಒಂದು ಸಿಕ್ಕಿದೆ, ಆದರೆ ನಡುವೆ ವಿಪರೀತ ವಿಕಿರಣ ಇರೋ ನಕ್ಷತ್ರಗುಚ್ಛ. ನಾಗರಿಕ ಹಡಗುಗಳಿಗೆ ಅಲ್ಲಿ ಕಣ್ಣು ಕಾಣೋದಿಲ್ಲ. ಒಬ್ಬೊಬ್ಬ ಪೈಲಟ್ ಒಂದೊಂದು ಹಡಗನ್ನು ಕೈಹಿಡಿದು ದಾಟಿಸಬೇಕು, ವಾಪಸ್ ಬಂದು ಮತ್ತೊಂದು. ಪ್ರತಿಯೊಬ್ಬರ ಎದೆಯ ಮೇಲೂ ಒಂದು ಬ್ಯಾಡ್ಜ್. ಅದು ಕಪ್ಪಾದರೆ ಮೈಗೆ ತಾಕಿದ ವಿಕಿರಣ ಮಿತಿ ಮೀರಿತು ಅಂತ ಅರ್ಥ, ಮತ್ತೆ ಹಾರೋ ಹಾಗಿಲ್ಲ.

ಅದೇ ಹೊತ್ತಿಗೆ ಕ್ಯಾಟ್‌ಳ ಗುಟ್ಟು ಸ್ಟಾರ್‌ಬಕ್‌ಗೆ ಸಿಗುತ್ತದೆ. ಅವಳ ಹೆಸರು ಲುವಾನ್ ಅಲ್ಲ, ಸಾಶಾ. ದಾಳಿಗೆ ಮೊದಲು ಮಾದಕವಸ್ತು ಸಾಗಿಸುತ್ತಿದ್ದವಳು. ಸತ್ತ ಬೇರೊಬ್ಬಳ ಹೆಸರು ಹಾಕಿಕೊಂಡು ಸೇನೆ ಸೇರಿದ್ದಾಳೆ. ಸ್ಟಾರ್‌ಬಕ್ ಪಟ್ಟು ಹಿಡಿಯುತ್ತಾಳೆ: ಅಡಾಮಾಗೆ ನೀನೇ ಹೇಳು, ಇಲ್ಲ ನಾನು ಹೇಳ್ತೀನಿ.

ಕ್ಯಾಟ್ ಹೇಳೋದಿಲ್ಲ, ಹಾರುತ್ತಾಳೆ. ಬ್ಯಾಡ್ಜ್ ಕಪ್ಪಾದದ್ದನ್ನು ಮುಚ್ಚಿಟ್ಟು ಕೊನೆಯ ಸುತ್ತಿಗೂ ಹೊರಡುತ್ತಾಳೆ. ಕಳೆದು ಹೋದ ಹಡಗನ್ನು ಆ ಬೆಂಕಿಯಲ್ಲಿ ಹುಡುಕಿ ದಾಟಿಸುತ್ತಾಳೆ. ವಾಪಸ್ ಬಂದಾಗ ಅವಳ ಕಥೆ ಮುಗಿದಿರುತ್ತದೆ. ಹಾಸಿಗೆಯ ಪಕ್ಕ ಬಂದು ಕೂತ ಅಡಾಮಾಗೆ ಏನೋ ಹೇಳಲು ಹೋಗುತ್ತಾಳೆ. ನೀನು ಏನು ಹೇಳಿದರೂ ನೀನು ಮಾಡಿದ್ದು ಬದಲಾಗೋದಿಲ್ಲ ಅನ್ನೋ ಅರ್ಥದಲ್ಲಿ ಆತ ಅವಳ ಮಾತು ತಡೆಯುತ್ತಾನೆ.

ಆ ರಾತ್ರಿ ನೀರು ಕುಡಿಯೋಕೆ ಎದ್ದ ಅಪ್ಪ ಹಿಂದೆ ನಿಂತು ನೋಡುತ್ತಿದ್ದರು. ಇಂಗ್ಲಿಷ್ ತಿಳಿಯೋದಿಲ್ಲ. “ತಮ್ಮಾ, ಅಕಿ ಏನ್ ತಪ್ಪ ಮಾಡ್ಯಾಳು?” ಅಂದರು. ಕಥೆ ಹೇಳಿದೆ. ಸುಮ್ಮನೆ ನಿಂತು, “ಸುಳ್ಳ ಹೇಳಿದ್ದು ಖರೆ. ದಾಟಿಸಿದ್ದೂ ಖರೇನ ಅಲಾ?” ಅಂದು ಮಲಗೋಕೆ ಹೋದರು.

ನಮ್ಮ ಟೀಮಿನ ಹುಡುಗಿ

2022. ವಾಪಸ್ ಬೆಂಗಳೂರು. ನಮ್ಮ ಟೀಮಿಗೆ ಎರಡು ವರ್ಷದ ಅನುಭವ ಅಂತ ಒಬ್ಬ ಹುಡುಗಿ ಸೇರಿದಳು. ಹುನಗುಂದ ಕಡೆಯವಳು. ಮೊದಲ ವಾರದಲ್ಲೇ ಭಾಷೆ ಗುರುತು ಹಿಡಿದು ನನ್ನನ್ನು “ಅಣ್ಣಾರ” ಅಂತ ಕರೆಯೋಕೆ ಶುರು ಮಾಡಿದಳು. ರಾತ್ರಿ ಮೂರಕ್ಕೆ ಪ್ರೊಡಕ್ಷನ್ ಬಿದ್ದರೆ ಮೊದಲು ಲಾಗಿನ್ ಆಗುತ್ತಿದ್ದವಳು ಅವಳೇ. ಒಂದು ರಾತ್ರಿ ಪೇಮೆಂಟ್ ಎಲ್ಲ ನಿಂತು ನಾವು ದಾರಿ ಕಾಣದೆ ಕೂತಿದ್ದಾಗ, ಲಾಗ್ ಸಾಲು ಸಾಲಾಗಿ ಓದಿ ಬೆಳಗಾಗೋದರೊಳಗೆ ತಪ್ಪು ಹಿಡಿದಳು.

ಒಂದು ದಿನ ಚಹಾ ಕುಡಿಯುವಾಗ ಹಿಂದಿನ ಕಂಪನಿಯ ಪ್ರಾಜೆಕ್ಟ್ ಬಗ್ಗೆ ಸುಮ್ಮನೆ ಕೇಳಿದೆ. ತಡವರಿಸಿದಳು. ಕೊನೆಗೆ, “ಅಣ್ಣಾರ, ಖರೆ ಹೇಳ್ತೀನ್ರಿ. ಅದು ಕನ್ಸಲ್ಟನ್ಸಿಯವ್ರು ಕೊಟ್ಟ ಲೆಟರ್ ರೀ. ಓದು ಮುಗದು ಎರಡು ವರ್ಷ ಆಗಿತ್ತು, ಗ್ಯಾಪ್ ನೋಡಿ ಯಾರೂ ಕರೀಲಿಲ್ರಿ” ಅಂದಳು. ಆ ಲೆಟರ್‌ಗೆ ಅವಳ ಅವ್ವ ಬಂಗಾರ ಅಡ ಇಟ್ಟಿದ್ದರಂತೆ.

ನಾನು ಏನು ಹೇಳಿದೆ ಗೊತ್ತಾ? “ಮ್ಯಾನೇಜರ್‌ಗೆ ನೀನ ಹೇಳು. ಇಲ್ಲಾಂದ್ರ ನಾ ಹೇಳಬೇಕಾಗ್ತದ.” ಹೇಳಿದ ಮೇಲೇ ತಿಳೀತು, ಈ ಮಾತು ನಾನು ಎಲ್ಲಿ ಕೇಳಿದ್ದೆ ಅಂತ.

ಅವಳು ಹೇಳಿದಳು. ವಾರದೊಳಗೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಹೋದಳು. ನಾನು ಹೇಳಿದ್ದು ತಪ್ಪು ಅಂತ ಇವತ್ತಿಗೂ ಅನಿಸೋದಿಲ್ಲ. ಖರೆ ಅನುಭವ ಇದ್ದ ಯಾರದೋ ಜಾಗದಲ್ಲಿ ಅವಳು ಕೂತಿದ್ದಳು. ಆದರೆ ಆ ಪೇಮೆಂಟ್ ರಾತ್ರಿಯ ಬಗ್ಗೆ ನಾನು ಎಚ್‌ಆರ್ ಮುಂದೆ ಒಂದು ಮಾತೂ ಆಡಲಿಲ್ಲ. ಹೋಗುವ ದಿನ ಲಿಫ್ಟ್ ತನಕವೂ ಹೋಗಲಿಲ್ಲ. ಮೀಟಿಂಗ್ ಇತ್ತು.

ಬಂಡೆಯ ಮೇಲೊಬ್ಬ ಅರಭಟ್ಟ

ಕಳೆದ ವರ್ಷ ಊರಿಗೆ ಹೋದಾಗ ಬಾದಾಮಿಗೆ ಹೋಗಿದ್ದೆ. ಅಗಸ್ತ್ಯ ತೀರ್ಥದ ಈಶಾನ್ಯ ದಿಕ್ಕಿನ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು ಕ್ರಿ.ಶ. 700ರದ್ದು, ಹತ್ತು ಸಾಲು. ಕನ್ನಡದ ಅತಿ ಹಳೆಯ ತ್ರಿಪದಿಗಳು ಅದರಲ್ಲೇ ಇವೆ ಅಂತ ಶಾಲೆಯಲ್ಲಿ ಓದಿದ್ದು ನಿಮಗೂ ನೆನಪಿರಬಹುದು. ಆ ವೀರನ ಬಗ್ಗೆ ನಮಗೆ ಗೊತ್ತಿರೋದೆಲ್ಲ ಆ ಶಾಸನದಿಂದ ಮಾತ್ರ. ರಾಜನಲ್ಲ, ಮಂತ್ರಿಯಲ್ಲ. ಅವನ ಗುಣ ಬಲ್ಲ ಯಾರೋ ಕೆತ್ತಿಸಿದ್ದಕ್ಕೆ ಸಾವಿರದ ಮುನ್ನೂರು ವರ್ಷ ಉಳಿದಿದ್ದಾನೆ.

‘ದಿ ಪ್ಯಾಸೇಜ್’ ಕೊನೆಯಲ್ಲಿ ಸ್ಟಾರ್‌ಬಕ್ ಮಾಡೋದೂ ಅದನ್ನೇ. ಗ್ಯಾಲಾಕ್ಟಿಕಾದ ಒಂದು ಓಣಿಯ ಗೋಡೆ ತುಂಬ ಸತ್ತವರ ಫೋಟೋ. ಅಲ್ಲಿ ಹೋಗಿ ಕ್ಯಾಟ್‌ಳ ಫೋಟೋ ತನ್ನ ಕೈಯಾರೆ ಅಂಟಿಸುತ್ತಾಳೆ. ಗುಟ್ಟು ಹೊರಗೆಳೆದವಳೂ ಅವಳೇ, ಗೋಡೆಯ ಮೇಲೆ ಜಾಗ ಕೊಟ್ಟವಳೂ ಅವಳೇ. ನಾನು ಮೊದಲನೆಯದನ್ನು ಮಾತ್ರ ಮಾಡಿ ಕೈತೊಳೆದುಕೊಂಡಿದ್ದೆ.

ಬಾದಾಮಿಯಿಂದ ವಾಪಸ್ ಬರೋವಾಗ ಬಸ್ಸಿನಲ್ಲೇ ಅವಳಿಗೆ ಫೋನ್ ಮಾಡಿದೆ. ಎತ್ತೋದಿಲ್ಲ ಅಂದುಕೊಂಡಿದ್ದೆ, ಎತ್ತಿದಳು. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಫ್ರೆಶರ್ ಅಂತಲೇ ಸೇರಿದ್ದಾಳಂತೆ. ಮೊದಲಿನ ಸಂಬಳದ ಅರ್ಧವೂ ಇಲ್ಲ. “ಈಗ ರೆಸ್ಯೂಮೆದಾಗ ಎಲ್ಲಾ ಖರೇನ ಐತ್ರಿ ಅಣ್ಣಾರ” ಅಂದು ನಕ್ಕಳು.

ಆ ರಾತ್ರಿ ಪೇಮೆಂಟ್ ಸರಿ ಮಾಡಿದ್ದು ನೀನು, ಅದನ್ನ ನಾ ಅವತ್ತೇ ಎಲ್ಲರ ಮುಂದೆ ಹೇಳಬೇಕಿತ್ತು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು, “ಈಗ ಬರದು ಕೊಡ್ತೀರೇನ್ರಿ?”

ಲಿಂಕ್ಡ್‌ಇನ್‌ನಲ್ಲಿ ಬರೆದು ಕೊಟ್ಟೆ. ಅವಳು ನಮ್ಮಲ್ಲಿ ಖರೇನೇ ಮಾಡಿದ ಕೆಲಸ ಮಾತ್ರ, ಆ ರಾತ್ರಿಯದನ್ನೂ ಸೇರಿಸಿ. ಲೆಕ್ಕ ಹಾಕಿದರೆ ಹತ್ತು ಸಾಲೂ ಆಗಲಿಲ್ಲ.