ಎಮೆರಿ ಪೇಪರ್ ಪಕ್ಕಕ್ಕಿಡಿ

ಜಾವಾ, ಯೆಜ್ಡಿಗಳ ಕಾಲದಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಲು ಬಾರದವನು ಬೈಕ್ ಇಟ್ಟುಕೊಂಡು ಪ್ರಯೋಜನವಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಆ ಟೂ ಸ್ಟ್ರೋಕ್ ಬೈಕುಗಳು ಪೆಟ್ರೋಲಿನ ಜೊತೆಗೆ ಆಯಿಲನ್ನೂ ಸುಡುತ್ತಿದ್ದವು. ಪ್ಲಗ್ಗಿನ ತುದಿಗೆ ಮಸಿ ಕಟ್ಟಿತೆಂದರೆ ಎಷ್ಟು ಕಿಕ್ ಹೊಡೆದರೂ ಗಾಡಿ ಏಳುತ್ತಿರಲಿಲ್ಲ. ಸವಾರ ರಸ್ತೆ ಬದಿಯಲ್ಲೇ ಪ್ಲಗ್ ಬಿಚ್ಚಿ, ಎಮೆರಿ ಪೇಪರಿನಲ್ಲಿ ಉಜ್ಜಿ, ಬಾಯಿಂದ ಊದಿ, ಹ್ಯಾಕ್ಸಾ ಬ್ಲೇಡು ತೂರುವಷ್ಟು ಗ್ಯಾಪ್ ಬಿಟ್ಟು, ಇದ್ದ ಬಲವೆಲ್ಲ ಹಾಕಿ ಬಿಗಿಯುತ್ತಿದ್ದ. ಅಂಗಡಿಯಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ಮೈಕೋ ಪ್ಲಗ್. ಜರ್ಮನಿಯ ಬಾಷ್ ಸಹಯೋಗದಲ್ಲಿ 1951ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಚಿಕ್ಕ ಹೆಸರು ಅದು. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಆಯಿತು. ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರು ಮಾತ್ರ ಹಾಗೇ ಇದೆ.

ಆಗಿನ ಆ ಕೈಚಳಕವನ್ನೇ ಈಗಿನ ಕಾರಿನ ಮೇಲೆ ಪ್ರಯೋಗಿಸಿದರೆ ಎಂಜಿನ್ನಿಗೆ ಕೇಡು. ಕೆಲಸ ಕಷ್ಟವಾಗಿದೆ ಎಂದಲ್ಲ. ಬಾನೆಟ್ ತೆರೆದರೆ ಮೇಲೇ ಕಾಣುವ ಮೂರೋ ನಾಲ್ಕೋ ಕಾಯಿಲ್‌ಗಳು, ಅವುಗಳ ಕೆಳಗೆ ಅಷ್ಟೇ ಪ್ಲಗ್ಗುಗಳು. ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮನೆ ಗೇಟಿನ ಮುಂದೆಯೇ ಮಾಡಬಹುದಾದದ್ದು. ಆದರೆ ಪ್ಲಗ್ ಬದಲಾಗಿದೆ.

ತುಮಕೂರಿನ ಶೆಟ್ಟಿಹಳ್ಳಿಯಿಂದ ಬೆಂಗಳೂರಿಗೆ ಹೆಚ್ಚೂಕಡಿಮೆ 70 ಕಿ.ಮೀ. ಗಂಟೆಗೆ 80ರ ವೇಗದಲ್ಲಿ, ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳೋಣ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೊಂದು ಕಿಡಿ. ಬೆಂಗಳೂರು ಮುಟ್ಟುವಷ್ಟರಲ್ಲಿ ಒಂದೊಂದು ಪ್ಲಗ್ಗೂ ಸುಮಾರು 65 ಸಾವಿರ ಸಲ ಕಿಡಿ ಹಾರಿಸಿರುತ್ತದೆ. ಇದೇ ಲೆಕ್ಕದಲ್ಲಿ 40,000 ಕಿ.ಮೀ. ಓಡಿದರೆ ಮೂರು ಮುಕ್ಕಾಲು ಕೋಟಿ. ಪ್ರತಿ ಕಿಡಿಯೂ ತುದಿಯ ಲೋಹವನ್ನು ಅಣುವಷ್ಟು ತಿನ್ನುತ್ತದೆ. ಒಂದು ಮಿಲಿಮೀಟರ್ ಆಸುಪಾಸಿನ ಗ್ಯಾಪ್ ಹಿಗ್ಗುತ್ತಾ ಹೋಗುತ್ತದೆ, ಅದನ್ನು ಹಾರಲು ಕಿಡಿಗೆ ಇನ್ನಷ್ಟು ವೋಲ್ಟೇಜ್ ಬೇಕಾಗುತ್ತದೆ. ಮೊದಲೇ ಹತ್ತಾರು ಸಾವಿರ ವೋಲ್ಟ್ ಹೊರುತ್ತಿರುವ ಕಾಯಿಲ್ ಮೇಲೆ ಹೊರೆ ಬೀಳುತ್ತದೆ. ಪಿಕಪ್ ಕಮ್ಮಿಯಾಯಿತು, ಐಡ್ಲಿಂಗಿನಲ್ಲಿ ಗಾಡಿ ನಡುಗುತ್ತದೆ, ಮಿಸ್ ಹೊಡೆಯುತ್ತದೆ ಎಂಬ ದೂರುಗಳು ಶುರುವಾಗುವುದು ಆಗ. ಸುಡದೆ ಉಳಿದ ಪೆಟ್ರೋಲು ಕೆಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದು ಅದನ್ನೂ ಹಾಳುಮಾಡುತ್ತದೆ; ಪ್ಲಗ್ಗಿನ ಬೆಲೆಗೂ ಅದರ ಬೆಲೆಗೂ ಹೋಲಿಕೆಯೇ ಇಲ್ಲ.

ಈ ಸವೆತ ತಡೆಯಲೆಂದೇ ಇರಿಡಿಯಂ ಬಂತು. ನಿಕಲ್ 1,455 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇರಿಡಿಯಂಗೆ 2,446 ಡಿಗ್ರಿ ಬೇಕು. ಹಾಗಾಗಿ ತುದಿಯನ್ನು 0.4 ಮಿ.ಮೀ.ನಷ್ಟು ಸಣ್ಣಗೆ ಮಾಡಿದರೂ ಬಾಳುತ್ತದೆ, ತುದಿ ಸಣ್ಣಗಾದಷ್ಟೂ ಕಿಡಿ ಸುಲಭವಾಗಿ ಹಾರುತ್ತದೆ. ಇಂಥ ಪ್ಲಗ್ ಒಂದು ಲಕ್ಷ ಕಿ.ಮೀ. ಹತ್ತಿರದವರೆಗೂ ಬರುವುದುಂಟು. ಅದಕ್ಕೆ ಎಮೆರಿ ಪೇಪರ್ ಹಚ್ಚಿದರೆ ದುಡ್ಡು ಕೊಟ್ಟು ಕೊಂಡ ತುದಿಯನ್ನೇ ಕೆರೆದು ಬಿಸಾಡಿದಂತೆ. ತುದಿಗೆ ಬ್ಲೇಡು ತೂರಿಸಿ ಗ್ಯಾಪ್ ಅಗಲಿಸಲು ಹೋದರೂ ಮುರಿಯುತ್ತದೆ.

ಇನ್ನು ಬಿಚ್ಚುವ ಕೆಲಸ. ಕಾಯಿಲ್ ಕನೆಕ್ಟರಿನ ಪ್ಲಾಸ್ಟಿಕ್ ಲಾಕು ವರ್ಷಗಟ್ಟಲೆ ಶಾಖ ತಿಂದು ಪೆಡಸಾಗಿರುತ್ತದೆ, ಅವಸರ ಮಾಡಿದರೆ ಪಟ್ಟೆಂದು ಮುರಿಯುತ್ತದೆ. ಸಾಮಾನ್ಯವಾಗಿ 10ರ ಸ್ಪಾನರಿನ ಒಂದು ಬೋಲ್ಟ್ ತೆಗೆದು ಕಾಯಿಲ್ ಮೇಲೆತ್ತಿದರೆ ಬಾವಿಯಂಥ ಆಳದ ಕೊಳವೆ ಕಾಣುತ್ತದೆ. ಅದರ ತಳದಲ್ಲಿ ಧೂಳು, ಮರಳು ಕೂತಿರುತ್ತದೆ. ಊದಿ ತೆಗೆಯದೆ ಪ್ಲಗ್ ಬಿಚ್ಚಿದರೆ ಅದೆಲ್ಲ ನೇರ ಸಿಲಿಂಡರಿಗೆ. ಸೈಕಲ್ ಪಂಪು ಸಾಕು, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಿಕ್ಕರೆ ಇನ್ನೂ ಒಳ್ಳೆಯದು.

ಹೊಸದನ್ನು ಕೂರಿಸುವಾಗಲೇ ನಿಜವಾದ ಅಪಾಯ. ಈಗಿನ ಎಂಜಿನ್ ಹೆಡ್ ಅಲ್ಯೂಮಿನಿಯಂ, ಪ್ಲಗ್ಗಿನ ಮೈ ಉಕ್ಕು. ವಾರೆಯಾಗಿ ಹತ್ತಿದರೆ ಥ್ರೆಡ್ ಹೋಗುವುದು ಪ್ಲಗ್ಗಿನದ್ದಲ್ಲ, ಹೆಡ್ಡಿನದ್ದು. ಪ್ಲಗ್ಗಿನ ಹಿಂಬದಿಗೆ ಒಂದು ಗೇಣು ರಬ್ಬರ್ ಪೆಟ್ರೋಲ್ ಪೈಪು ಸಿಕ್ಕಿಸಿ, ಅದನ್ನು ಬೆರಳಲ್ಲಿ ತಿರುಗಿಸುತ್ತಾ ಇಳಿಸುವ ಮೆಕ್ಯಾನಿಕ್ಕುಗಳಿದ್ದಾರೆ. ಥ್ರೆಡ್ ಸರಿಯಾಗಿ ಕೂಡದಿದ್ದರೆ ಪೈಪು ಪ್ಲಗ್ಗಿನ ಮೇಲೆ ಜಾರುತ್ತದೆ, ಪ್ಲಗ್ ಅಲ್ಲೇ ನಿಲ್ಲುತ್ತದೆ. ಸ್ಪಾನರಿಗೆ ಇಂಥ ವಿವೇಕವಿಲ್ಲ. ಕೈಯಲ್ಲೇ ಪೂರ್ತಿ ಇಳಿದ ಮೇಲೆ ಟಾರ್ಕ್ ರೆಂಚ್: 14 ಎಂಎಂ ಥ್ರೆಡ್ಡಿಗೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್, 12 ಎಂಎಂ ಆದರೆ 15ರಿಂದ 20. ಕಾರಿನ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ಥ್ರೆಡ್ಡಿಗೆ ಗ್ರೀಸ್ ಸವರುವ ಚಾಳಿಯೂ ಬೇಡ. ಜಾರಿಕೆ ಹೆಚ್ಚಾಗಿ, ರೆಂಚ್ ತೋರಿಸುವುದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ.

ಅಂಗಡಿಗೆ ಹೋಗುವಾಗಲೂ ಒಂದು ಗೊಂದಲವಿದೆ. ಪ್ಲಗ್ಗಿನ ಮೇಲಿನ ಶಾಖದ ಸಂಖ್ಯೆ ಎನ್‌ಜಿಕೆಯಲ್ಲಿ ಹೆಚ್ಚಾದಷ್ಟೂ ಪ್ಲಗ್ ತಂಪು, ಬಾಷ್‌ನಲ್ಲಿ ಹೆಚ್ಚಾದಷ್ಟೂ ಬಿಸಿ. ಸಂಖ್ಯೆ ಹೊಂದಿಸಿ ಕಂಪನಿ ಬದಲಿಸಿದವರು ಪೇಚಿಗೆ ಸಿಲುಕುವುದು ಇಲ್ಲೇ. ಎಷ್ಟು ಬೇಕೆಂಬುದನ್ನೂ ಸಿಲಿಂಡರ್ ಎಣಿಸಿ ಹೇಳಲಾಗದು: 2003ರ ಹೋಂಡಾ ಸಿಟಿಯ ಐ-ಡಿಎಸ್‌ಐ ಎಂಜಿನ್ನಿಗೆ ನಾಲ್ಕು ಸಿಲಿಂಡರ್, ಎಂಟು ಪ್ಲಗ್. ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ.

ಹಳೆಯ ಪ್ಲಗ್ಗುಗಳನ್ನು ಬಿಚ್ಚಿದ ಸಾಲಿನಲ್ಲೇ ಜೋಡಿಸಿಟ್ಟು ನೋಡಬೇಕು. ತುದಿ ತಿಳಿ ಕಂದು ಅಥವಾ ಬೂದು ಬಣ್ಣವಾಗಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು ಬೀಳುತ್ತಿದೆ. ಸುಣ್ಣದಂತೆ ಬೆಳ್ಳಗಾಗಿ ಬೊಬ್ಬೆ ಎದ್ದಿದ್ದರೆ ಅತಿ ಶಾಖ. ಎರಡನೇ ಸಿಲಿಂಡರ್ ಮಿಸ್ ಎಂದು ಸ್ಕ್ಯಾನರ್ ಪಿ0302 ತೋರಿಸುತ್ತಿದ್ದು ಹೊಸ ಪ್ಲಗ್ ಹಾಕಿದರೂ ಹೋಗದಿದ್ದರೆ, ಅದರ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿ ನೋಡಬಹುದು. ಕೋಡು ಪಿ0303 ಆದರೆ ಕೆಟ್ಟಿರುವುದು ಕಾಯಿಲ್. ಕೊಳವೆಯ ತಳದಲ್ಲಿ ಎಂಜಿನ್ ಆಯಿಲ್ ನಿಂತಿದ್ದರೆ ಮೇಲಿನ ವಾಲ್ವ್ ಕವರಿನ ಗ್ಯಾಸ್ಕೆಟ್ಟೋ ಕೊಳವೆಯ ಸೀಲೋ ಸೋರುತ್ತಿದೆ. ಆ ರಿಪೇರಿ ಮೊದಲು, ಹೊಸ ಪ್ಲಗ್ ಆಮೇಲೆ.